ಚರ್ಚೆ: ನೆಪ್ಚೂನ್ ವಿವಾದದ ಆಚೆಗಿನ ಪ್ರೊಫೆಸರ್ ಜಾನ್ ಕೂಚ್ ಆಡಮ್ಸ್

ಹೊಳೆಸಾಲು (ಚರ್ಚೆ ಆರಂಭಿಸಿದವರು)

ಕರ್ನಾಟಕದಲ್ಲಿ ಎಂಜಿನಿಯರಿಂಗ್ ಓದಿದ ಬಹುತೇಕರು ಆಡಮ್ಸ್–ಬ್ಯಾಶ್‌ಫೋರ್ತ್ ವಿಧಾನದ ಲೆಕ್ಕವನ್ನು ಒಮ್ಮೆಯಾದರೂ ಬಿಡಿಸಿರುತ್ತಾರೆ. ವಿಟಿಯು ಗಣಿತ ಪಠ್ಯದಲ್ಲಿ ಅದು ಮಿಲ್ನ್ ವಿಧಾನದ ಪಕ್ಕದಲ್ಲೇ ಬರುತ್ತದೆ. ಸೂತ್ರವನ್ನು ಬಾಯಿಪಾಠ ಮಾಡುತ್ತೇವೆ, ನಾಲ್ಕು ಬೆಲೆಗಳನ್ನು ಹಾಕಿ ಐದನೆಯದನ್ನು ತೆಗೆಯುತ್ತೇವೆ, ಪರೀಕ್ಷೆ ಮುಗಿಯುತ್ತದೆ. ಆ ಆಡಮ್ಸ್ ಮತ್ತು ನೆಪ್ಚೂನ್ ಗ್ರಹದ ಕಥೆಯಲ್ಲಿ ಬರುವ ಆಡಮ್ಸ್ ಒಬ್ಬರೇ ಎಂಬುದನ್ನು ತರಗತಿಯಲ್ಲಿ ಯಾರೂ ಹೇಳುವುದಿಲ್ಲ. ಯುರೇನಸ್‌ನ ಚಲನೆಯನ್ನು ನೋಡಿ, ಇನ್ನೂ ಕಾಣದ ನೆಪ್ಚೂನ್ ಎಲ್ಲಿದೆ ಎಂದು ಲೆಕ್ಕದಿಂದ ಹೇಳಿದ ಶ್ರೇಯ ಇಂಗ್ಲೆಂಡಿನ ಆಡಮ್ಸ್‌ಗೋ ಫ್ರಾನ್ಸಿನ ಖಗೋಳಜ್ಞ ಲ ವೆರ್ಯೇಗೋ ಎಂಬುದೇ ಆ ವಿವಾದ. ಆ ಕಥೆಯನ್ನು ಹೇಳುವವರು ಸಹ ಗ್ರಹ ಸಿಕ್ಕ 1846ಕ್ಕೆ ಬಂದು ನಿಂತುಬಿಡುತ್ತಾರೆ. ಆಗ ಆಡಮ್ಸ್‌ಗೆ ಕೇವಲ 27 ವರ್ಷ. ಆ ಬಳಿಕ ಅವರು ಇನ್ನೂ 45 ವರ್ಷ ಬದುಕಿದರು, ಅದರಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕೇಂಬ್ರಿಡ್ಜ್‌ನಲ್ಲಿ ಖಗೋಳಶಾಸ್ತ್ರ ಮತ್ತು ರೇಖಾಗಣಿತದ ಪ್ರಾಧ್ಯಾಪಕರಾಗಿದ್ದರು, ಮತ್ತು ನನ್ನ ಅಭಿಪ್ರಾಯದಲ್ಲಿ ಅವರ ಶ್ರೇಷ್ಠ ಕೆಲಸವೆಲ್ಲ ಆ ಎರಡನೆಯ ಭಾಗದಲ್ಲೇ ಇದೆ. ಅದರ ಬಗ್ಗೆ ಇಲ್ಲಿ ಮಾತಾಡೋಣ ಎಂಬುದು ನನ್ನ ಆಸೆ.

ಮೊದಲು ಬಾಳಿನ ಸ್ಥೂಲ ರೇಖೆ. ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ಸೀಮೆಯ ಲ್ಯಾನೀಸ್ಟ್ ಎಂಬ ಹಳ್ಳಿಯ ಬಳಿ, ಲಿಡ್‌ಕಾಟ್ ಎಂಬ ಹೊಲಮನೆಯಲ್ಲಿ 1819ರ ಜೂನ್ 5ರಂದು ಹುಟ್ಟಿದರು. ತಂದೆ ಥಾಮಸ್ ಗೇಣಿ ರೈತ, ಮೆಥಡಿಸ್ಟ್ ಪಂಥದ ಶ್ರದ್ಧಾವಂತ. ತಾಯಿ ಟ್ಯಾಬಿತಾ ಅವರಿಗೆ ಬಂಧುವೊಬ್ಬರಿಂದ ಬಂದ ಸಣ್ಣ ಪುಸ್ತಕ ಸಂಗ್ರಹದಲ್ಲಿ ಖಗೋಳದ ಪುಸ್ತಕಗಳೂ ಇದ್ದವು. ಹಳ್ಳಿಯ ಶಾಲೆ ಮುಗಿಸಿದ ಹುಡುಗ ಡೆವನ್‌ಪೋರ್ಟ್‌ನಲ್ಲಿ ಬಂಧುವೊಬ್ಬರು ನಡೆಸುತ್ತಿದ್ದ ಶಾಲೆಗೆ ಹೋದ. ಅಲ್ಲಿನ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟ್‌ನ ವಾಚನಾಲಯದಲ್ಲಿ ಉನ್ನತ ಗಣಿತವನ್ನು ಬಹುಮಟ್ಟಿಗೆ ತಾನೇ ಓದಿಕೊಂಡ. 1835ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ಅದನ್ನು ಕಂಡವರಲ್ಲಿ ಅವನೂ ಒಬ್ಬ. ಮರುವರ್ಷ ತಾಯಿಗೆ ಒಂದು ಸಣ್ಣ ಆಸ್ತಿ ಬಂದದ್ದರಿಂದ ಓದಿಸುವ ಧೈರ್ಯ ಮನೆಯವರಿಗೆ ಬಂತು, ಮತ್ತು 1839ರಲ್ಲಿ ಅವರು ಸೇಂಟ್ ಜಾನ್ಸ್ ಕಾಲೇಜಿಗೆ ಶುಲ್ಕ ರಿಯಾಯಿತಿ ಪಡೆಯುವ ಬಡ ವಿದ್ಯಾರ್ಥಿಯಾಗಿ ಸೇರಿದರು. 1843ರ ಗಣಿತ ಪರೀಕ್ಷೆಯಲ್ಲಿ ಮೊದಲ ಸ್ಥಾನ. ಎರಡನೆಯ ಸ್ಥಾನ ಬಂದದ್ದು ಫ್ರಾನ್ಸಿಸ್ ಬ್ಯಾಶ್‌ಫೋರ್ತ್‌ಗೆ. ನಮ್ಮ ಪಠ್ಯದ ಜೋಡಿ ಹೆಸರು ಆ ಸಹಪಾಠಿಗಳದ್ದೇ. ದ್ರವದ ಹನಿಯ ಆಕಾರ ಹೇಗಿರುತ್ತದೆಂದು ಅಳೆದು ನೋಡಿದ ಬ್ಯಾಶ್‌ಫೋರ್ತ್ 1883ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಆ ಆಕಾರದ ಸಮೀಕರಣವನ್ನು ಬಿಡಿಸಲು ಆಡಮ್ಸ್ ಕೊಟ್ಟ ವಿಧಾನವೇ ಅದು.

ಧ್ರುವರೇಖೆ

ಚರ್ಚೆಯನ್ನು ಸ್ವಾಗತಿಸುತ್ತೇನೆ. ಆದರೆ ನೆಪ್ಚೂನ್ ವಿಷಯವನ್ನು ಬದಿಗಿಟ್ಟು ಮುಂದೆ ಹೋದರೆ ಅದು ಪೂರ್ತಿ ನ್ಯಾಯವಾಗುವುದಿಲ್ಲ. ನಮ್ಮ ಕನ್ನಡದ ಅನೇಕ ವಿಜ್ಞಾನ ಲೇಖನಗಳಲ್ಲಿ ಇಂದಿಗೂ ‘ಆಡಮ್ಸ್ ಮೊದಲೇ ಕಂಡುಹಿಡಿದಿದ್ದ, ಅಧಿಕಾರಿಗಳು ಅವನನ್ನು ಕಡೆಗಣಿಸಿದರು’ ಎಂಬ ಧಾಟಿಯೇ ಇದೆ. ಈ ಕಥೆ ಬಹಳ ಮಟ್ಟಿಗೆ 1846ರ ಅಕ್ಟೋಬರ್ ನಂತರ ಇಂಗ್ಲೆಂಡಿನಲ್ಲಿ ರೂಪುಗೊಂಡದ್ದು.

ದಾಖಲೆಯಲ್ಲಿರುವುದು ಇಷ್ಟು. 1845ರ ಶರತ್ಕಾಲದಲ್ಲಿ ಆಡಮ್ಸ್ ತಮ್ಮ ಲೆಕ್ಕದ ಫಲಿತಾಂಶವನ್ನು ಕೇಂಬ್ರಿಡ್ಜ್ ವೀಕ್ಷಣಾಲಯದ ಜೇಮ್ಸ್ ಚಾಲಿಸ್ ಅವರಿಗೆ ಕೊಟ್ಟರು. ಅಕ್ಟೋಬರ್ 21ರಂದು ಗ್ರೀನಿಚ್‌ನಲ್ಲಿ ರಾಜ ಖಗೋಳಜ್ಞ ಜಾರ್ಜ್ ಏರಿ ಅವರ ಮನೆಗೆ ಮುಂಚಿತವಾಗಿ ತಿಳಿಸದೆ ಎರಡು ಬಾರಿ ಹೋದರು. ಭೇಟಿ ಆಗಲಿಲ್ಲ, ಒಂದು ಚೀಟಿ ಬಿಟ್ಟು ಬಂದರು. ಆ ಚೀಟಿಯಲ್ಲಿ ಫಲಿತಾಂಶವಿತ್ತು, ವಿಧಾನದ ವಿವರವಿರಲಿಲ್ಲ. ಏರಿ ನವೆಂಬರ್ 5ರಂದು ಪತ್ರ ಬರೆದು, ಯುರೇನಸ್ ಸೂರ್ಯನಿಂದ ಇರುವ ದೂರದಲ್ಲಿ ಕಂಡ ವ್ಯತ್ಯಾಸವನ್ನೂ ನಿಮ್ಮ ಕಲ್ಪಿತ ಗ್ರಹ ವಿವರಿಸುತ್ತದೆಯೇ ಎಂದು ಕೇಳಿದರು. ಆಡಮ್ಸ್ ಉತ್ತರ ಕಳಿಸಲೇ ಇಲ್ಲ. ಅತ್ತ ಪ್ಯಾರಿಸ್‌ನಲ್ಲಿ ಲ ವೆರ್ಯೇ 1845ರ ನವೆಂಬರ್‌ನಿಂದ 1846ರ ಆಗಸ್ಟ್‌ವರೆಗೆ ಒಂದಾದ ಮೇಲೊಂದು ಪ್ರಬಂಧ ಪ್ರಕಟಿಸಿದರು, ಮತ್ತು ಅವರ ಪತ್ರ ತಲುಪಿದ ಸೆಪ್ಟೆಂಬರ್ 23ರ ರಾತ್ರಿಯೇ ಬರ್ಲಿನ್‌ನಲ್ಲಿ ಗಾಲೆ ಮತ್ತು ದಾರೆಸ್ಟ್ ಗ್ರಹವನ್ನು ಹಿಡಿದರು. ಹೇಳಿದ ಜಾಗಕ್ಕೂ ಸಿಕ್ಕ ಜಾಗಕ್ಕೂ ಒಂದು ಡಿಗ್ರಿಯಷ್ಟೂ ಅಂತರವಿರಲಿಲ್ಲ. ಆಡಮ್ಸ್ 1845ರಲ್ಲಿ ಹೇಳಿದ ಸ್ಥಾನ ಸುಮಾರು ಎರಡು ಡಿಗ್ರಿಯೊಳಗೆ ಇತ್ತೆಂಬುದು ನಿಜ, ಆದರೆ ಮುಂದಿನ ಒಂದು ವರ್ಷದಲ್ಲಿ ಅವರ ಉತ್ತರ ಹಲವು ಡಿಗ್ರಿ ಅತ್ತಿತ್ತ ಆಗುತ್ತಿತ್ತು. ಪ್ರಕಟಿಸದ, ಖಚಿತವಾಗಿ ನಿಲ್ಲದ, ಯಾರನ್ನೂ ದೂರದರ್ಶಕದ ಬಳಿಗೆ ಎಳೆದು ತರದ ಲೆಕ್ಕವನ್ನು ಅನ್ವೇಷಣೆ ಎನ್ನಲಾಗದು.

1998ರಲ್ಲಿ ಖಗೋಳಜ್ಞ ಆಲಿನ್ ಎಗನ್ ತೀರಿಕೊಂಡಾಗ, ಗ್ರೀನಿಚ್‌ನಿಂದ ದಶಕಗಳ ಕಾಲ ಕಾಣೆಯಾಗಿದ್ದ ನೆಪ್ಚೂನ್ ಕಡತ ಚಿಲಿಯಲ್ಲಿದ್ದ ಅವರ ಕಾಗದಗಳ ನಡುವೆ ಸಿಕ್ಕಿತು. ಅದರ ನಂತರ ಇತಿಹಾಸಕಾರರು ಮಾಡಿದ ಪರಿಶೀಲನೆ ಲ ವೆರ್ಯೇ ಪರವಾಗಿಯೇ ಗಟ್ಟಿಯಾಗಿದೆ.

ಹೊಳೆಸಾಲು

ಧ್ರುವರೇಖೆಯವರು ಕೊಟ್ಟ ದಿನಾಂಕಗಳಲ್ಲಿ ನನಗೆ ತಕರಾರಿಲ್ಲ. ಅನ್ವೇಷಣೆಯ ಶ್ರೇಯ ಲ ವೆರ್ಯೇ ಮತ್ತು ಗಾಲೆಗೆ ಸೇರಬೇಕೆಂಬುದನ್ನು ಸ್ವತಃ ಆಡಮ್ಸ್ ಎಲ್ಲರಿಗಿಂತ ಮೊದಲು ಒಪ್ಪಿದ್ದರು ಎಂಬುದನ್ನು ಮಾತ್ರ ಸೇರಿಸುತ್ತೇನೆ. 1846ರ ನವೆಂಬರ್ 13ರಂದು ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಮುಂದೆ ಇಟ್ಟ ಪ್ರಬಂಧದಲ್ಲಿ ಅವರು, ನನ್ನ ಲೆಕ್ಕ ಸ್ವತಂತ್ರವಾಗಿ ನಡೆಯಿತೆಂದು ತೋರಿಸಲು ಮಾತ್ರ ದಿನಾಂಕಗಳನ್ನು ಹೇಳುತ್ತಿದ್ದೇನೆ, ಲ ವೆರ್ಯೇ ಅವರ ನ್ಯಾಯವಾದ ಹಕ್ಕಿಗೆ ಅಡ್ಡ ಬರುವ ಉದ್ದೇಶವಿಲ್ಲ, ಜಗತ್ತಿನ ಮುಂದೆ ಮೊದಲು ಬಂದದ್ದೂ ಗ್ರಹ ಸಿಗಲು ಕಾರಣವಾದದ್ದೂ ಅವರ ಸಂಶೋಧನೆಯೇ ಎಂಬ ಅರ್ಥದಲ್ಲಿ ಸ್ಪಷ್ಟವಾಗಿ ಬರೆದರು. ಎರಡೂ ದೇಶಗಳ ಪತ್ರಿಕೆಗಳು ಕಾದಾಡುತ್ತಿದ್ದ ತಿಂಗಳುಗಳಲ್ಲಿ ಅವರು ಚಾಲಿಸ್ ಅವರನ್ನಾಗಲಿ ಏರಿ ಅವರನ್ನಾಗಲಿ ದೂಷಿಸುವ ಒಂದು ಸಾಲನ್ನೂ ಪ್ರಕಟಿಸಲಿಲ್ಲ. 1847ರಲ್ಲಿ ವಿಕ್ಟೋರಿಯಾ ರಾಣಿಯ ಕಡೆಯಿಂದ ಬಂದ ನೈಟ್ ಪದವಿಯನ್ನೂ ನಯವಾಗಿ ನಿರಾಕರಿಸಿದರು.

ಬಯಲುಸೀಮೆ ಓದುಗ

ನಾನು ಕಲಾ ವಿಭಾಗದಲ್ಲಿ ಓದಿದವನು, ಗಣಿತ ಅಷ್ಟಾಗಿ ಬಾರದು. ಕಾಣದ ಗ್ರಹವೊಂದು ಇಂಥ ಕಡೆ ಇದೆ ಎಂದು ಕಾಗದದ ಮೇಲೆ ಹೇಗೆ ಹೇಳುತ್ತಾರೆ? ಇಬ್ಬರೂ ಅದರ ದೂರವನ್ನು ತಪ್ಪಾಗಿ ಊಹಿಸಿದ್ದರೆಂದೂ ಓದಿದ್ದೇನೆ. ದೂರ ತಪ್ಪಾದರೂ ದಿಕ್ಕು ಸರಿಯಾಗಿ ಸಿಕ್ಕಿದ್ದು ಹೇಗೆ? ದಯವಿಟ್ಟು ಯಾರಾದರೂ ತಿಳಿಸಿಕೊಡಿ.

ಮಲೆಯಂಚು

ಒಳ್ಳೆಯ ಪ್ರಶ್ನೆ. ಈ ಪ್ರಶ್ನೆಯನ್ನು ಅಂದಿನ ದೊಡ್ಡ ವಿದ್ವಾಂಸರೂ ಕೇಳಿದ್ದರು. ಹಾರ್ವರ್ಡ್‌ನಲ್ಲಿ ಗಣಿತ ಮತ್ತು ಖಗೋಳ ಎರಡಕ್ಕೂ ಪ್ರಾಧ್ಯಾಪಕರಾಗಿದ್ದ ಬೆಂಜಮಿನ್ ಪಿಯರ್ಸ್, ಗ್ರಹ ಸಿಕ್ಕಿದ್ದು ಸುಯೋಗದಿಂದ ಎಂದೇ 1847ರಲ್ಲಿ ವಾದಿಸಿದರು.

ಯುರೇನಸ್ 1781ರಲ್ಲಿ ವಿಲಿಯಂ ಹರ್ಷೆಲ್ ಕಣ್ಣಿಗೆ ಬಿತ್ತು. ಅದಕ್ಕೂ ಹಿಂದೆ, 1690ರಿಂದಲೇ, ಅದನ್ನು ನಕ್ಷತ್ರವೆಂದು ತಿಳಿದು ಗುರುತಿಟ್ಟವರಿದ್ದರು. ಅಲೆಕ್ಸಿ ಬುವಾರ್ 1821ರಲ್ಲಿ ಪ್ರಕಟಿಸಿದ ಕೋಷ್ಟಕಗಳಿಗೆ ಹಳೆಯ ವೀಕ್ಷಣೆಗಳೂ ಹೊಸವೂ ಒಟ್ಟಿಗೆ ಹೊಂದಲಿಲ್ಲ, ಮತ್ತು ಬರಬರುತ್ತ ಯುರೇನಸ್ ಕೋಷ್ಟಕದಿಂದ ಇನ್ನಷ್ಟು ದೂರ ಸರಿಯಿತು. ಗೊತ್ತಿರುವ ಗ್ರಹವೊಂದು ಇನ್ನೊಂದನ್ನು ಎಷ್ಟು ಎಳೆಯುತ್ತದೆಂದು ಲೆಕ್ಕ ಹಾಕುವುದು ಆಗಲೇ ರೂಢಿಯಲ್ಲಿತ್ತು. ಎಳೆತ ಗೊತ್ತು, ಎಳೆದವನು ಯಾರೆಂದು ಗೊತ್ತಿಲ್ಲ ಎಂಬ ತಿರುವು ಲೆಕ್ಕ ಮಾತ್ರ ಬೇರೆಯದೇ ಕಷ್ಟದ್ದು. ಕೆರೆಯ ನೀರಿನ ಮೇಲಿನ ಅಲೆಗಳನ್ನು ಅಳೆದು ಕಲ್ಲು ಎಲ್ಲಿ ಬಿತ್ತು, ಎಷ್ಟು ತೂಕದ್ದು ಎಂದು ಹೇಳಬೇಕಾದಂತೆ. ಆಡಮ್ಸ್ ಈ ಸಂಕಲ್ಪ ಮಾಡಿದ್ದು ಇನ್ನೂ ವಿದ್ಯಾರ್ಥಿಯಾಗಿದ್ದಾಗ. 1841ರ ಜುಲೈ 3ರ ದಿನಾಂಕವಿರುವ ಒಂದು ಟಿಪ್ಪಣಿಯಲ್ಲಿ, ಪದವಿ ಪಡೆದ ಕೂಡಲೇ ಯುರೇನಸ್‌ನ ಅನಿಯತ ಚಲನೆಯನ್ನು ಶೋಧಿಸಬೇಕು, ಅದರಾಚೆಯ ಗ್ರಹದ ಎಳೆತವೇ ಕಾರಣವೇ ಎಂದು ನೋಡಬೇಕು, ಸಾಧ್ಯವಾದರೆ ಆ ಗ್ರಹದ ಕಕ್ಷೆಯನ್ನು ಅಂದಾಜು ಮಾಡಬೇಕು ಎಂದು ಬರೆದಿಟ್ಟುಕೊಂಡಿದ್ದಾರೆ.

ಅಜ್ಞಾತಗಳು ಬಹಳವಾದ್ದರಿಂದ ಒಂದನ್ನು ಊಹಿಸಿಯೇ ಹೊರಡಬೇಕಿತ್ತು. ಗ್ರಹಗಳ ದೂರ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತ ಹೋಗುತ್ತದೆಂಬ ಬೋಡೆ ನಿಯಮವನ್ನು ಹಿಡಿದು, ಭೂಮಿ–ಸೂರ್ಯ ದೂರದ 38 ಪಟ್ಟಿನಷ್ಟು ಇರಬಹುದೆಂದು ಇಟ್ಟುಕೊಂಡರು. ನಿಜವಾದ ದೂರ ಸುಮಾರು 30 ಪಟ್ಟು. ಹಾಗಿದ್ದೂ ದಿಕ್ಕು ಸಿಕ್ಕಿದ್ದಕ್ಕೆ ಕಾರಣ, 1821–22ರ ಸುಮಾರಿಗೆ ಯುರೇನಸ್ ನೆಪ್ಚೂನನ್ನು ಹಿಂದೆ ಹಾಕಿತ್ತು. ಅದಕ್ಕೆ ಮೊದಲು ನೆಪ್ಚೂನ್ ಮುಂದಿನಿಂದ ಎಳೆದು ಯುರೇನಸ್‌ನ ವೇಗ ಹೆಚ್ಚಿಸುತ್ತಿತ್ತು, ಬಳಿಕ ಹಿಂದಿನಿಂದ ಎಳೆದು ತಗ್ಗಿಸುತ್ತಿತ್ತು. ಈ ತಿರುವು ಯಾವಾಗ ಬಂತೆಂಬುದು ವೀಕ್ಷಣೆಗಳಲ್ಲಿ ಗಟ್ಟಿಯಾಗಿ ದಾಖಲಾಗಿದ್ದರಿಂದ ದಿಕ್ಕು ಬಿಗಿಯಾಗಿ ಸಿಕ್ಕಿತು. ದೂರವನ್ನು ಹೆಚ್ಚೆಂದುಕೊಂಡರೆ ಗ್ರಹದ ತೂಕವನ್ನೂ ಹೆಚ್ಚೆಂದುಕೊಂಡು ಎಳೆತವನ್ನು ಸರಿದೂಗಿಸಬಹುದು. ಆಡಮ್ಸ್, ಲ ವೆರ್ಯೇ ಇಬ್ಬರ ಲೆಕ್ಕದಲ್ಲೂ ಆದದ್ದು ಅದೇ. ದೂರವನ್ನು ಇನ್ನಷ್ಟು ಕಡಿಮೆ ಮಾಡಿದರೆ ಹೊಂದಾಣಿಕೆ ಚೆನ್ನಾಗುತ್ತದೆಂದು ಆಡಮ್ಸ್ 1846ರ ಸೆಪ್ಟೆಂಬರ್ 2ರಂದು ಏರಿಗೆ ಬರೆದ ಪತ್ರದಲ್ಲಿ ಗುರುತಿಸಿದ್ದರು. ಪಿಯರ್ಸ್ ಅವರ ಸುಯೋಗದ ವಾದವನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ಚಂದ್ರಗತಿ

ಈಗ ನಾನು ಕಾಯುತ್ತಿದ್ದ ವಿಷಯಕ್ಕೆ ಬರುತ್ತೇನೆ. ಆಡಮ್ಸ್ ಅವರ ಒಂದೇ ಒಂದು ಪ್ರಬಂಧವನ್ನು ಉಳಿಸಿಕೊಳ್ಳಿ ಎಂದರೆ ನಾನು 1853ರ ಚಂದ್ರನ ಪ್ರಬಂಧವನ್ನೇ ಆರಿಸುತ್ತೇನೆ.

ಪ್ರಾಚೀನ ಗ್ರಹಣಗಳ ದಾಖಲೆಗಳನ್ನು ಇಂದಿನ ಚಂದ್ರನ ಗತಿಯೊಂದಿಗೆ ಹೋಲಿಸಿದ ಎಡ್ಮಂಡ್ ಹ್ಯಾಲಿಗೆ 1690ರ ದಶಕದಲ್ಲೇ ಚಂದ್ರ ಶತಮಾನದಿಂದ ಶತಮಾನಕ್ಕೆ ತುಸು ವೇಗ ಪಡೆಯುತ್ತಿದ್ದಾನೆಂಬ ಅನುಮಾನ ಬಂದಿತ್ತು. 1787ರಲ್ಲಿ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಇದಕ್ಕೆ ಕಾರಣ ಕೊಟ್ಟರು. ಇತರ ಗ್ರಹಗಳ ಪ್ರಭಾವದಿಂದ ಭೂಕಕ್ಷೆ ನಿಧಾನವಾಗಿ ವೃತ್ತಾಕಾರಕ್ಕೆ ಹತ್ತಿರವಾಗುತ್ತಿದೆ, ಅದರಿಂದ ಚಂದ್ರನ ಮೇಲೆ ಸೂರ್ಯನ ಎಳೆತದ ಸರಾಸರಿ ಬದಲಾಗುತ್ತದೆ, ಹೀಗಾಗಿ ವೇಗ ಹೆಚ್ಚುತ್ತದೆ ಎಂಬುದು ಅವರ ವಿವರಣೆ. ಇದರಿಂದ ಚಂದ್ರ ಒಂದು ಶತಮಾನದಲ್ಲಿ ಮುಂದೆ ಸಾಗುವ ಹೆಚ್ಚುವರಿ ಕೋನಕ್ಕೆ ಅವರ ಲೆಕ್ಕದಿಂದ ಬಂದ ಬೆಲೆ ಸುಮಾರು 10 ವಿಕಲೆ (ಡಿಗ್ರಿಯ 3600ನೇ ಒಂದು ಭಾಗಕ್ಕೆ ವಿಕಲೆ ಎನ್ನುತ್ತಾರೆ). ಅದು ವೀಕ್ಷಣೆಗೆ ಸೊಗಸಾಗಿ ಹೊಂದಿತು. ಆಕಾಶಯಂತ್ರದ ಕೊನೆಯ ಒಗಟೂ ಬಿಡಿಸಿತು ಎಂದು ಎಲ್ಲರೂ ನೆಮ್ಮದಿಯಾಗಿದ್ದರು.

ಅರವತ್ತಕ್ಕೂ ಹೆಚ್ಚು ವರ್ಷ ಯಾರೂ ಪ್ರಶ್ನಿಸದ ಈ ಲೆಕ್ಕವನ್ನು ಆಡಮ್ಸ್ ಮತ್ತೆ ಮಾಡಿ ನೋಡಿದರು. ಚಂದ್ರನನ್ನು ಕಕ್ಷೆಯ ಉದ್ದಕ್ಕೂ ಎಳೆಯುವ ಬಲದ ಭಾಗವೂ ಭೂಕಕ್ಷೆಯ ಬದಲಾವಣೆಯೊಂದಿಗೆ ಬದಲಾಗುತ್ತದೆ, ಅದನ್ನು ಹಿಂದಿನವರು ಪೂರ್ತಿಯಾಗಿ ಗಣನೆಗೆ ತಂದಿರಲಿಲ್ಲ. ಅದನ್ನು ಸೇರಿಸಿದರೆ ಬೆಲೆ ಸುಮಾರು 6 ವಿಕಲೆಗೆ ಇಳಿಯುತ್ತದೆ. ಅಂದರೆ ಸಿದ್ಧಾಂತಕ್ಕೂ ಗ್ರಹಣದ ದಾಖಲೆಗೂ ಇದ್ದ ಹೊಂದಾಣಿಕೆ ಮುರಿದುಬಿತ್ತು. ಪ್ಲಾನಾ, ಪೊಂಟೆಕೂಲಾಂ, ಹಾನ್ಸನ್ ಮೊದಲಾದ ಚಂದ್ರಸಿದ್ಧಾಂತದ ಘಟಾನುಘಟಿಗಳು ತಿರುಗಿಬಿದ್ದರು. ಲ ವೆರ್ಯೇ ಕೂಡ ವಿರೋಧಿಗಳ ಪಾಳೆಯದಲ್ಲಿದ್ದರು. ಅವರ ವಾದದ ತಿರುಳು, ವೀಕ್ಷಣೆಗೆ ಹೊಂದುತ್ತಿದ್ದ ಉತ್ತರವನ್ನು ಕೆಡಿಸುವ ಲೆಕ್ಕ ಸರಿಯಿರಲಾರದು ಎಂಬುದು. ಆಡಮ್ಸ್ ಗಣಿತದಲ್ಲಿ ಎಲ್ಲಿ ತಪ್ಪಿದೆ ತೋರಿಸಿ ಎಂದಷ್ಟೇ ಕೇಳಿದರು. 1859ರಲ್ಲಿ ಫ್ರಾನ್ಸಿನವರೇ ಆದ ಚಾರ್ಲ್ಸ್ ದೆಲೊನೇ ಸಂಪೂರ್ಣ ಬೇರೆ ದಾರಿಯಿಂದ ಹೋಗಿ ಆಡಮ್ಸ್ ಬೆಲೆಯನ್ನೇ ಪಡೆದರು.

ಹಾಗಾದರೆ ಉಳಿದ ವೇಗ ಎಲ್ಲಿಂದ ಬಂತು? ಚಂದ್ರನ ವೇಗ ಹೆಚ್ಚಿದಂತೆ ಕಂಡದ್ದರಲ್ಲಿ ಒಂದು ಪಾಲು ನಮ್ಮ ಗಡಿಯಾರ ನಿಧಾನವಾಗುತ್ತಿರುವುದರ ಫಲ, ಆ ಗಡಿಯಾರ ಭೂಮಿಯೇ, ಸಮುದ್ರದ ಉಬ್ಬರವಿಳಿತದ ಘರ್ಷಣೆಯಿಂದ ಅದರ ಸುತ್ತುವಿಕೆ ಕುಗ್ಗುತ್ತಿದೆ ಎಂದು 1865ರಲ್ಲಿ ದೆಲೊನೇ ಸೂಚಿಸಿದರು. ಇಂದು ಅದು ಪಠ್ಯಪುಸ್ತಕದ ವಿಷಯ. ಹಗಲು–ರಾತ್ರಿಯ ಒಟ್ಟು ಅವಧಿ ಶತಮಾನಕ್ಕೆ ಸುಮಾರು 2 ಮಿಲಿಸೆಕೆಂಡ್‌ನಷ್ಟು ಉದ್ದವಾಗುತ್ತಿದೆ, ಚಂದ್ರ ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ. ಗ್ರಹಣದ ದಿನ ದಾನ ಕೊಟ್ಟದ್ದನ್ನು ಹೇಳುವ ಎಷ್ಟೋ ಕನ್ನಡ ಶಾಸನಗಳಿವೆ. ಆ ಗ್ರಹಣ ಕನ್ನಡನಾಡಿನಲ್ಲಿ ಕಂಡಿತೇ, ಕಂಡಿದ್ದರೆ ಯಾವ ಹೊತ್ತಿನಲ್ಲಿ ಎಂದು ಇಂದು ಲೆಕ್ಕ ಹಾಕುವವರು ಭೂಮಿಯ ಈ ನಿಧಾನಗತಿಯನ್ನು ಸೇರಿಸಿಕೊಳ್ಳಲೇಬೇಕು. ಆ ದಾರಿ ತೆರೆದದ್ದು 1853ರ ಪ್ರಬಂಧ. ಎಲ್ಲರಿಗೂ ತೃಪ್ತಿ ಕೊಟ್ಟಿದ್ದ ಉತ್ತರವನ್ನು ಬದಲು ಉತ್ತರ ಕೈಯಲ್ಲಿಲ್ಲದಿದ್ದರೂ ಮುರಿಯುವುದಕ್ಕೆ ಬೇಕಾದ ಎದೆಗಾರಿಕೆ ದೊಡ್ಡದೆಂದು ನಾನು ನಂಬುತ್ತೇನೆ. ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿ 1866ರಲ್ಲಿ ಅವರಿಗೆ ಚಿನ್ನದ ಪದಕ ಕೊಟ್ಟದ್ದು ಈ ಕೆಲಸಕ್ಕೆ.

ಧ್ರುವರೇಖೆ

ಚಂದ್ರನ ವಿಷಯದಲ್ಲಿ ಮನಸಾರೆ ಸಹಮತ. ಆದರೂ ಪ್ರಾಧ್ಯಾಪಕನಾಗಿ ಅವರ ಬಗ್ಗೆ ಒಂದು ಆಕ್ಷೇಪ ಉಳಿಯುತ್ತದೆ. ಬರೆದದ್ದನ್ನು ಪ್ರಕಟಿಸುವಲ್ಲಿ ಅವರದು ಅತಿಯಾದ ಸಂಕೋಚ. 1877ರಲ್ಲಿ ಅಮೆರಿಕದ ಜಾರ್ಜ್ ಹಿಲ್ ಚಂದ್ರನ ಕಕ್ಷೆಯ ತಿರುಗುವಿಕೆಯ ಬಗ್ಗೆ ಹೊಸ ವಿಧಾನ ಪ್ರಕಟಿಸಿದ ಮೇಲೆಯೇ, ಚಂದ್ರನ ಪಾತಬಿಂದುಗಳ (ಕಕ್ಷೆಯು ಭೂಕಕ್ಷೆಯ ಸಮತಲವನ್ನು ದಾಟುವ ಬಿಂದುಗಳ), ಅಂದರೆ ನಮ್ಮ ಪಂಚಾಂಗದ ರಾಹು–ಕೇತುಗಳ ಚಲನೆಗೆ ತಾವೂ ಅಂಥದೇ ವಿಧಾನವನ್ನು ಬಹಳ ಹಿಂದೆಯೇ ಹಿಡಿದಿದ್ದುದನ್ನು ಆಡಮ್ಸ್ ಹೊರಗೆ ಹಾಕಿದರು. ಅಪರಿಮಿತ ಸಾಲುಗಳ ನಿರ್ಧಾರಕ (ಸಂಖ್ಯೆಗಳ ಚೌಕದಿಂದ ಒಂದೇ ಬೆಲೆ ತೆಗೆಯುವ ಲೆಕ್ಕ) ಇಬ್ಬರ ವಿಧಾನದಲ್ಲೂ ಇತ್ತು. ನೆಪ್ಚೂನ್ ಸಂದರ್ಭದಲ್ಲಿ ಆದ ನಷ್ಟದಿಂದ ಅವರು ಏನೂ ಬದಲಾಗಲಿಲ್ಲ. ಪೆಟ್ಟಿಗೆಯೊಳಗಿನ ಜ್ಞಾನದಿಂದ ಶಿಷ್ಯರಿಗೇನು ಲಾಭ?

ಹೊಳೆಸಾಲು

ಆಕ್ಷೇಪಕ್ಕೆ ಬಲವಿದೆ. ಆದರೆ ಹಿಲ್ ಪ್ರಬಂಧ ಬಂದಾಗ ಆಡಮ್ಸ್ ಅದನ್ನು ತುಂಬುಮನಸ್ಸಿನಿಂದ ಮೆಚ್ಚಿ, ಅದರ ಮೌಲ್ಯಕ್ಕೆ ಪೂರಕವಾಗಲೆಂದೇ ತಮ್ಮದನ್ನು ಪ್ರಕಟಿಸಿದರೆಂಬುದನ್ನು ಮರೆಯಬಾರದು.

ಹುದ್ದೆಯ ವಿಷಯಕ್ಕೆ ಬಂದರೆ, ದಾರಿ ಸುಗಮವಾಗಿರಲಿಲ್ಲ. ಪಾದ್ರಿ ದೀಕ್ಷೆ ತೆಗೆದುಕೊಳ್ಳದ ಕಾರಣ ಸೇಂಟ್ ಜಾನ್ಸ್ ಕಾಲೇಜಿನ ಫೆಲೋಶಿಪ್ 1852ರಲ್ಲಿ ಕೊನೆಗೊಂಡಿತು. ಮರುವರ್ಷ ಪೆಂಬ್ರೋಕ್ ಕಾಲೇಜು ಅವರನ್ನು ಫೆಲೋ ಆಗಿ ಕರೆದುಕೊಂಡಿತು. 1858ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಗಣಿತ ಪ್ರಾಧ್ಯಾಪಕರಾದರು, ಆದರೆ 1859ರಲ್ಲಿ ಜಾರ್ಜ್ ಪೀಕಾಕ್ ಅವರ ನಿಧನದಿಂದ ತೆರವಾದ, ಖಗೋಳಶಾಸ್ತ್ರ ಮತ್ತು ರೇಖಾಗಣಿತದ ಲೌಂಡಿಯನ್ ಪೀಠಕ್ಕೆ ಕೇಂಬ್ರಿಡ್ಜ್‌ಗೆ ಮರಳಿದರು. 1861ರಲ್ಲಿ ಚಾಲಿಸ್ ನಂತರ ವೀಕ್ಷಣಾಲಯದ ನಿರ್ದೇಶಕರೂ ಆದರು. ನೆಪ್ಚೂನನ್ನು 1846ರ ಆಗಸ್ಟ್‌ನಲ್ಲಿ ಎರಡು ಬಾರಿ ಗುರುತಿಟ್ಟೂ ಚಾಲಿಸ್ ಅರಿಯದೆ ಹೋದ ಜಾಗ ಅದೇ. 1881ರಲ್ಲಿ ಏರಿ ನಿವೃತ್ತರಾದಾಗ ರಾಜ ಖಗೋಳಜ್ಞನ ಸ್ಥಾನ ಆಡಮ್ಸ್ ಅವರನ್ನು ಹುಡುಕಿಕೊಂಡು ಬಂತು. ವಯಸ್ಸಾಯಿತೆಂದು ಅವರು ಬೇಡವೆಂದರು.

ನವೆಂಬರ್ ಉಲ್ಕೆ

ಉಲ್ಕಾವೃಷ್ಟಿಯ ಪ್ರಸ್ತಾಪವೇ ಬಂದಿಲ್ಲವಲ್ಲ! ಸಿಂಹ ರಾಶಿಯ ದಿಕ್ಕಿನಿಂದ ಸುರಿಯುವ ಲಿಯೊನಿಡ್ ಉಲ್ಕೆಗಳು 1833ರ ನವೆಂಬರ್‌ನಲ್ಲಿ ಉತ್ತರ ಅಮೆರಿಕದ ಜನರನ್ನು ಬೆಚ್ಚಿಬೀಳಿಸಿದ್ದವು. ಯೇಲ್‌ನ ಹ್ಯೂಬರ್ಟ್ ನ್ಯೂಟನ್ ಕ್ರಿ.ಶ. 902ರಿಂದ ಸಿಗುವ ದಾಖಲೆಗಳನ್ನು ಜೋಡಿಸಿ, ಸುಮಾರು 33 ವರ್ಷಕ್ಕೊಮ್ಮೆ ಭಾರಿ ಮಳೆಯಾಗುತ್ತದೆಂದು ತೋರಿಸಿ, 1866ರಲ್ಲಿ ಮತ್ತೆ ಬರುತ್ತದೆಂದರು. ಬಂತು ಕೂಡ. ಆದರೆ ಆ ಕಣಗಳ ಕಕ್ಷೆಯ ಅವಧಿ ಎಷ್ಟು? ದಾಖಲೆಗಳಿಗೆ ಐದು ಅವಧಿಗಳು ಹೊಂದುತ್ತಿದ್ದವು. ಎರಡು ಅರ್ಧ ವರ್ಷದ ಆಸುಪಾಸು, ಎರಡು ಒಂದು ವರ್ಷದ ಆಸುಪಾಸು, ಒಂದು 33.25 ವರ್ಷ.

ತೀರ್ಮಾನಕ್ಕೆ ಒಂದು ಸುಳಿವಿತ್ತು. ಮಳೆ ಬೀಳುವ ದಿನ ಶತಮಾನಗಳಲ್ಲಿ ಮೆಲ್ಲಗೆ ಮುಂದೆ ಸರಿದಿತ್ತು, ಎಂದರೆ ಕಕ್ಷೆಯ ಪಾತಬಿಂದು ಪ್ರತಿ 33.25 ವರ್ಷಕ್ಕೆ ಸುಮಾರು 29 ಕಲೆಯಷ್ಟು (ಕಲೆ ಎಂದರೆ ಡಿಗ್ರಿಯ 60ನೇ ಒಂದು ಭಾಗ) ಚಲಿಸಿತ್ತು. ಆಡಮ್ಸ್ ಒಂದೊಂದೇ ಅವಧಿಯನ್ನು ತೆಗೆದುಕೊಂಡು, ಗ್ರಹಗಳ ಎಳೆತದಿಂದ ಪಾತಬಿಂದು ಎಷ್ಟು ಸರಿಯಬೇಕೆಂದು ಲೆಕ್ಕ ಹಾಕಿದರು. ನಾಲ್ಕು ಕಿರು ಅವಧಿಗಳಲ್ಲಿ ಯಾವುದೂ 29ರ ಹತ್ತಿರ ಬರಲಿಲ್ಲ. 33.25 ವರ್ಷದ ಉದ್ದನೆಯ ಕಕ್ಷೆಗೆ ಮಾತ್ರ ಗುರುವಿನಿಂದ 20 ಕಲೆ, ಶನಿಯಿಂದ ಸುಮಾರು 7, ಯುರೇನಸ್‌ನಿಂದ ಸುಮಾರು 1, ಒಟ್ಟು 28 ಕಲೆ ಬಂತು. ಅಷ್ಟು ಉದ್ದನೆಯ ಕಕ್ಷೆಯ ಉದ್ದಕ್ಕೂ ಎಳೆತವನ್ನು ತುಂಡುತುಂಡಾಗಿ ಕೂಡಿಸುವ ಈ ಕೆಲಸ ಕೆಲವೇ ತಿಂಗಳುಗಳಲ್ಲಿ, 1867ರಲ್ಲಿ ಮುಗಿಯಿತು. ಅದೇ ಕಾಲಕ್ಕೆ ಟೆಂಪಲ್–ಟಟ್ಲ್ ಧೂಮಕೇತುವಿನ ಕಕ್ಷೆಯೂ ಇದಕ್ಕೆ ಹೊಂದುವುದು ಗೊತ್ತಾಯಿತು. ಉಲ್ಕೆಗಳು ಧೂಮಕೇತುಗಳ ಅವಶೇಷವೆಂಬ ಇಂದಿನ ತಿಳಿವಳಿಕೆಯ ಅಡಿಪಾಯಗಳಲ್ಲಿ ಇದೊಂದು.

ಮಲೆಯಂಚು

ನನಗೆ ಅತ್ಯಂತ ಪ್ರಿಯವಾದದ್ದು ಅವರ ಅಂಕಿಗಳ ಕೆಲಸ, ಏಕೆಂದರೆ ಅಲ್ಲಿ ಮನುಷ್ಯನ ಸ್ವಭಾವವೇ ಕಾಣುತ್ತದೆ. ಆಯ್ಲರ್ ಸ್ಥಿರಾಂಕವನ್ನು (0.5772 ಎಂದು ಆರಂಭವಾಗುವುದು) ಅವರು 1878ರಲ್ಲಿ ದಶಮಾಂಶದ 260 ಸ್ಥಾನಗಳ ಆಚೆಗೂ ಲೆಕ್ಕ ಹಾಕಿದರು. ಅದಕ್ಕೆ 1ರಿಂದ 1000ದವರೆಗಿನ ಎಲ್ಲ ಸಂಖ್ಯೆಗಳ ವಿಲೋಮಗಳ ಮೊತ್ತ ಅಷ್ಟೇ ಸ್ಥಾನಗಳವರೆಗೆ ಬೇಕು, 2, 3, 5, 7 ಇವುಗಳ ಲಾಗರಿದಮ್‌ಗಳನ್ನೂ ಅವರು ಅಷ್ಟೇ ಸ್ಥಾನಗಳವರೆಗೆ ತೆಗೆದರು. ಮೇಲೆ ಮಾಡಬೇಕಾದ ತಿದ್ದುಪಡಿಗೆ ಬರ್ನೂಲಿ ಸಂಖ್ಯೆಗಳು (ಇಂಥ ಮೊತ್ತಗಳ ಸೂತ್ರಗಳಲ್ಲಿ ಬರುವ ಭಿನ್ನರಾಶಿಗಳ ಒಂದು ಸರಣಿ) ಬೇಕು. ಆಗ 31 ಬರ್ನೂಲಿ ಸಂಖ್ಯೆಗಳು ಮಾತ್ರ ತಿಳಿದಿದ್ದವು. ಆಡಮ್ಸ್ ಇನ್ನೂ 31 ಸಂಖ್ಯೆಗಳನ್ನು, 62ನೆಯದರ ತನಕ, ಲೆಕ್ಕ ಹಾಕಿಟ್ಟಿದ್ದರು. ಈ ಸಂಖ್ಯೆಗಳ ಭಿನ್ನರಾಶಿಯ ಭಾಗ ಏನಿರಬೇಕೆಂದು ಸ್ಟಾಟ್ ಎಂಬುವರ ಪ್ರಮೇಯ ಮೊದಲೇ ಹೇಳಿಬಿಡುತ್ತದೆ. ಉಳಿದ ಪೂರ್ಣಾಂಕಗಳಿಗೆ ಭಾಗಾಕಾರ ಸರಿಯಾಗಿ ಮುಗಿಯುತ್ತದೆಯೇ ಎಂದು ನೋಡುವುದೇ ಲೆಕ್ಕದ ತಪ್ಪು ಹಿಡಿಯುವ ಉಪಾಯವಾಗಿತ್ತು. ಯಂತ್ರವಿಲ್ಲ, ಕಾಗದ ಮತ್ತು ಮಸಿ ಮಾತ್ರ. ಅಷ್ಟು ಸ್ಥಾನಗಳಲ್ಲಿ ಒಂದು ಅಂಕಿ ಜಾರಿದರೆ ಕೆಳಗಿನದೆಲ್ಲ ಕೆಡುತ್ತದೆಂದು ತಿಳಿದೂ ಇಂಥ ಕೆಲಸಕ್ಕೆ ಕೂರುವವರ ತಾಳ್ಮೆ ನನ್ನಲ್ಲಿ ಗೌರವ ಹುಟ್ಟಿಸುತ್ತದೆ.

ಇದೇ ತಾಳ್ಮೆಯನ್ನು ಅವರು ಬೇರೊಬ್ಬರಿಗಾಗಿಯೂ ಖರ್ಚು ಮಾಡಿದರು. ಐಸಾಕ್ ನ್ಯೂಟನ್ ಬಿಟ್ಟುಹೋದ ಕಾಗದಗಳು ಪೋರ್ಟ್ಸ್‌ಮತ್ ಮನೆತನದಿಂದ 1872ರಲ್ಲಿ ಕೇಂಬ್ರಿಡ್ಜ್‌ಗೆ ಬಂದಾಗ, ಗಣಿತದ ರಾಶಿಯನ್ನು ವಿಂಗಡಿಸುವ ಹೊಣೆ ಆಡಮ್ಸ್ ಮತ್ತು ಭೌತವಿಜ್ಞಾನಿ ಜಾರ್ಜ್ ಸ್ಟೋಕ್ಸ್ ಮೇಲೆ ಬಿತ್ತು. ಪಟ್ಟಿ ಮುದ್ರಣವಾದದ್ದು 1888ರಲ್ಲಿ. ನ್ಯೂಟನ್ ಉತ್ತರವನ್ನಷ್ಟೇ ಬರೆದಿಟ್ಟ ಕಡೆಗಳಲ್ಲಿ, ಅದನ್ನು ಯಾವ ದಾರಿಯಿಂದ ಪಡೆದಿರಬಹುದೆಂದು ಆಡಮ್ಸ್ ಹುಡುಕುತ್ತ ಕುಳಿತರು.

ಬಯಲುಸೀಮೆ ಓದುಗ

ಎಲ್ಲರಿಗೂ ಧನ್ಯವಾದಗಳು, ದಿಕ್ಕು ಮತ್ತು ದೂರದ ವಿವರಣೆ ನನಗೆ ಪೂರ್ತಿ ಅರ್ಥವಾಯಿತು. ಕೊನೆಯದಾಗಿ ಒಂದು ಕೇಳುತ್ತೇನೆ. ಅವರು ತರಗತಿಯಲ್ಲಿ ಏನು ಪಾಠ ಮಾಡುತ್ತಿದ್ದರು? ಆ ಪಾಠಗಳು ಈಗ ಓದಲು ಸಿಗುತ್ತವೆಯೇ?

ಚಂದ್ರಗತಿ

ಸಿಗುತ್ತವೆ. ಚಂದ್ರಸಿದ್ಧಾಂತವೇ ಅವರ ಅಚ್ಚುಮೆಚ್ಚಿನ ಪಾಠ. ವರ್ಷದಿಂದ ವರ್ಷಕ್ಕೆ ತಿದ್ದಿ ತಿದ್ದಿ ಹೇಳುತ್ತಿದ್ದ ಆ ಉಪನ್ಯಾಸಗಳು 1900ರಲ್ಲಿ ಪುಸ್ತಕವಾದವು. ಆಡಮ್ಸ್ 1892ರ ಜನವರಿ 21ರಂದು ಕೇಂಬ್ರಿಡ್ಜ್ ವೀಕ್ಷಣಾಲಯದಲ್ಲೇ ತೀರಿಕೊಂಡಿದ್ದರು. ಅವರ ಸಮಗ್ರ ವೈಜ್ಞಾನಿಕ ಬರಹಗಳ ಎರಡು ಸಂಪುಟಗಳನ್ನು, ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ತಮ್ಮ ವಿಲಿಯಂ ಗ್ರಿಲ್ಸ್ ಆಡಮ್ಸ್ ಮುಂದೆ ನಿಂತು 1896 ಮತ್ತು 1900ರಲ್ಲಿ ಹೊರತಂದರು. ಧ್ರುವರೇಖೆಯವರು ಹೇಳಿದ ಪೆಟ್ಟಿಗೆಯೊಳಗಿನ ಕಾಗದಗಳಲ್ಲಿ ಬಹಳಷ್ಟು, ಭೂಕಾಂತತೆಯ ಲೆಕ್ಕಗಳೂ ಸೇರಿ, ಎರಡನೆಯ ಸಂಪುಟದಲ್ಲಿವೆ. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಉಪನ್ಯಾಸಗಳ ಪುಸ್ತಕ ತೆಳುವಾದದ್ದು, ಪದವಿ ಮಟ್ಟದ ಕಲನಶಾಸ್ತ್ರ ಬಲ್ಲವರು ಮೊದಲ ಅಧ್ಯಾಯಗಳನ್ನು ಧೈರ್ಯವಾಗಿ ಹಿಡಿಯಬಹುದು. ಆಸಕ್ತರು ನಾಲ್ಕಾರು ಮಂದಿ ಸೇರಿದರೆ ಇದೇ ವೇದಿಕೆಯಲ್ಲಿ ವಾರಕ್ಕೊಂದು ಉಪನ್ಯಾಸದಂತೆ ಒಟ್ಟಿಗೆ ಓದೋಣ, ಬೀಜಗಣಿತದ ಹಂತಗಳನ್ನು ಕನ್ನಡದಲ್ಲಿ ಬಿಡಿಸಿ ಹಾಕುವ ಕೆಲಸ ನಾನು ವಹಿಸಿಕೊಳ್ಳುತ್ತೇನೆ.